ಕಮಾಂಡ್ ಓಡಿತು ಸರಿ, ಅದು ಹೇಳಿದ್ದೇನು?

ಎಲ್ಲರಿಗೂ ನಮಸ್ಕಾರ. ನಾವು ಬರೆದ ಪ್ರೋಗ್ರಾಮ್ ಒಳಗಿಂದ ಇನ್ನೊಂದು ಕಮಾಂಡ್‌ಲೈನ್ ಟೂಲನ್ನು ಓಡಿಸಿ, ಅದು ಕೊಟ್ಟದ್ದನ್ನು ತೆಗೆದುಕೊಂಡು ಮುಂದಿನ ಕೆಲಸ ಮಾಡುವುದು ಹೇಗೆ ಎಂಬುದು ಇವತ್ತಿನ ವಿಷಯ. ವಿಡಿಯೊ ಕುಗ್ಗಿಸುವುದಕ್ಕೆ ಎಫ್‌ಎಫ್‌ಎಂಪೆಗ್, ಫೈಲುಗಳ ನಕಲಿಗೆ ಆರ್‌ಸಿಂಕ್, ಕೋಡಿನ ಇತಿಹಾಸಕ್ಕೆ ಗಿಟ್. ಇವೆಲ್ಲ ವರ್ಷಗಟ್ಟಲೆ ಪಳಗಿದ ಟೂಲುಗಳು. ಇವುಗಳ ಕೆಲಸವನ್ನು ನಾವೇ ಮತ್ತೆ ಬರೆಯುವ ಬದಲು ಇವುಗಳನ್ನೇ ಕರೆಯುವುದು ಜಾಣತನ. ಯಾವ ಭಾಷೆಯಲ್ಲಾದರೂ ಅದಕ್ಕೊಂದು ಫಂಕ್ಷನ್ ಇದ್ದೇ ಇರುತ್ತದೆ. ಒಂದು ಸಾಲು ಬರೆದರೆ ಟೂಲ್ ಓಡುತ್ತದೆ.

ಆ ಒಂದು ಸಾಲು ತಿಂಗಳುಗಟ್ಟಲೆ ಸರಿಯಾಗಿ ಓಡಿ, ಒಂದು ರಾತ್ರಿ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಇಲ್ಲವೇ, ಇದು ಇನ್ನೂ ಕೆಟ್ಟದ್ದು, ಮಾಡಬೇಕಾದ ಕೆಲಸ ಮಾಡದೆಯೇ ಎಲ್ಲ ಸರಿಯಾಯಿತೆಂದು ವರದಿ ಕೊಡುತ್ತದೆ. ಕಾರಣ ಬಹುಮಟ್ಟಿಗೆ ಒಂದೇ: ಟೂಲ್ ಕೊಡುವ ಉತ್ತರ ಎಂದರೆ ಅದು ಮುದ್ರಿಸಿದ ಪಠ್ಯ ಎಂದು ನಾವು ತಿಳಿದಿರುತ್ತೇವೆ. ಪಠ್ಯ ಆ ಉತ್ತರದ ಒಂದು ತುಣುಕು. ಮುಗಿಯುವಾಗ ಟೂಲ್ ಬಿಟ್ಟುಹೋದ ಸಂಖ್ಯೆ, ಎರಡು ಬೇರೆ ದಾರಿಗಳಲ್ಲಿ ಬಂದ ಬೈಟುಗಳು, ತಾನಾಗಿ ಮುಗಿಯಿತೋ ಯಾರಾದರೂ ಕೊಂದರೋ ಎಂಬ ಸಂಗತಿ, ಡಿಸ್ಕಿನಲ್ಲಿ ಉಳಿದ ಫೈಲು, ಹಿಡಿದ ಸಮಯ, ಇವಿಷ್ಟೂ ಸೇರಿದರೆ ಉತ್ತರ ಪೂರ್ತಿಯಾಗುತ್ತದೆ. ಇವುಗಳಲ್ಲಿ ಯಾವುದನ್ನು ಕೇಳಿಸಿಕೊಳ್ಳದೆ ಬಿಟ್ಟರೂ ಆ ಜಾಗದಿಂದಲೇ ತೊಂದರೆ ಒಳಗೆ ಬರುತ್ತದೆ.

ಮೊದಲು ಒಳಗೆ ಏನಾಗುತ್ತದೆ ನೋಡೋಣ. ಯುನಿಕ್ಸ್ ಮತ್ತು ಲಿನಕ್ಸ್‌ನಲ್ಲಿ ಇದು ಮೂರು ಹೆಜ್ಜೆಗಳ ಕೆಲಸ. ಫೋರ್ಕ್ ಎಂಬ ಸಿಸ್ಟಂ ಕಾಲ್ (ಆಪರೇಟಿಂಗ್ ಸಿಸ್ಟಂಗೆ ಪ್ರೋಗ್ರಾಮ್ ಇಡುವ ಕೋರಿಕೆ) ನಿಮ್ಮ ಪ್ರೊಸೆಸ್ಸನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಮನ್ನು, ಇಬ್ಭಾಗ ಮಾಡಿ ಅದರಂಥದ್ದೇ ಇನ್ನೊಂದನ್ನು ಹುಟ್ಟಿಸುತ್ತದೆ. ಹುಟ್ಟಿದ ಮಗು ಪ್ರೊಸೆಸ್ ಎಕ್ಸೆಕ್ ಕರೆದು ತನ್ನ ಒಡಲಲ್ಲಿ ಹೊಸ ಪ್ರೋಗ್ರಾಮನ್ನು ತುಂಬಿಕೊಳ್ಳುತ್ತದೆ. ತಾಯಿ ಪ್ರೊಸೆಸ್ ವೇಟ್ ಕರೆದು, ಮಗು ಮುಗಿಯುವವರೆಗೆ ಕಾದು, ಅದರ ಅಂತಿಮ ಸ್ಥಿತಿಯನ್ನು ಪಡೆಯುತ್ತದೆ. ಪೈಥಾನ್‌ನ ಸಬ್‌ಪ್ರೊಸೆಸ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನ ಚೈಲ್ಡ್‌ಪ್ರೊಸೆಸ್, ಜಾವಾದ ಪ್ರೊಸೆಸ್‌ಬಿಲ್ಡರ್, ಗೋ ಭಾಷೆಯ ಎಕ್ಸೆಕ್, ಎಲ್ಲವೂ ಈ ಮೂರರ ಮೇಲೆ ಅಥವಾ ಇವುಗಳ ಹತ್ತಿರದ ನೆಂಟರ ಮೇಲೆ ಕಟ್ಟಿದವು. ವೇಟ್ ಕರೆಯುವುದನ್ನು ಮರೆತರೆ ಸತ್ತ ಮಗು ಝೋಂಬಿಯಾಗಿ ಪ್ರೊಸೆಸ್ ಪಟ್ಟಿಯಲ್ಲಿ ಉಳಿಯುತ್ತದೆ. ಒಂದೆರಡು ಉಳಿದರೆ ತೊಂದರೆಯಿಲ್ಲ. ನಿಮಿಷಕ್ಕೊಂದರಂತೆ ಉಳಿಯುತ್ತಾ ಹೋದರೆ ಪಟ್ಟಿ ತುಂಬಿ, ಹೊಸ ಪ್ರೊಸೆಸ್ ಹುಟ್ಟಿಸಲು ಆಗದ ಸ್ಥಿತಿ ಬರುತ್ತದೆ.

ನಡುವೆ ಶೆಲ್ ಯಾಕೆ?

ಕಮಾಂಡನ್ನು ಒಂದೇ ಉದ್ದ ಸ್ಟ್ರಿಂಗ್ ಆಗಿ ಜೋಡಿಸಿ ಶೆಲ್‌ಗೆ, ಅಂದರೆ ಟರ್ಮಿನಲ್‌ನಲ್ಲಿ ಟೈಪ್ ಮಾಡಿದ್ದನ್ನು ಓದಿ ಓಡಿಸುವ ಪ್ರೋಗ್ರಾಮಿಗೆ, ಕೊಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಪೈಥಾನ್‌ನಲ್ಲಿ ಓಎಸ್ ಸಿಸ್ಟಂ ಅಥವಾ ಶೆಲ್ ಟ್ರೂ, ನೋಡ್‌ನಲ್ಲಿ ಎಕ್ಸೆಕ್ ಎಂಬ ಫಂಕ್ಷನ್, ಇವು ಮಾಡುವುದು ಅದನ್ನೇ. ಫೈಲಿನ ಹೆಸರು 'ಫೋಟೊ 1' ಎಂದಿದ್ದರೆ ಶೆಲ್ ನಡುವಿನ ಖಾಲಿ ಜಾಗದಲ್ಲಿ ಕತ್ತರಿಸಿ ಎರಡು ಫೈಲುಗಳೆಂದು ಓದುತ್ತದೆ. ಹೆಸರಿನಲ್ಲಿ ಅರ್ಧವಿರಾಮ ಚಿಹ್ನೆ ಇದ್ದರೆ ಅದರ ಮುಂದಿನ ಭಾಗ ಬೇರೆಯೇ ಕಮಾಂಡ್ ಆಗಿ ಓಡುತ್ತದೆ. ಆ ಹೆಸರನ್ನು ಹೊರಗಿನ ಬಳಕೆದಾರರೊಬ್ಬರು ಕೊಟ್ಟಿದ್ದರೆ, ನಿಮ್ಮ ಸರ್ವರಿನ ಮೇಲೆ ಬೇಕಾದ ಕಮಾಂಡ್ ಓಡಿಸುವ ಅಧಿಕಾರವನ್ನು ಅವರ ಕೈಗೆ ಕೊಟ್ಟಂತಾಯಿತು. ಉದ್ಧರಣ ಚಿಹ್ನೆ ಹಾಕಿ ಕಟ್ಟಿದರೆ ಸಾಕೆಂದು ಹಲವರು ನಂಬುತ್ತಾರೆ. ಹೆಸರಿನೊಳಗೇ ಉದ್ಧರಣ ಚಿಹ್ನೆ ಬಂದ ದಿನ ಆ ನಂಬಿಕೆ ಮುರಿಯುತ್ತದೆ.

ಸರಿಯಾದ ದಾರಿ ಸರಳ. ಆರ್ಗ್ಯುಮೆಂಟುಗಳನ್ನು ಪಟ್ಟಿಯಾಗಿ ಕೊಡಿ: ಮೊದಲನೆಯದು ಟೂಲಿನ ಹೆಸರು, ಆಮೇಲೆ ಒಂದೊಂದು ಆರ್ಗ್ಯುಮೆಂಟೂ ಬೇರೆ ಬೇರೆ. ಆಗ ನಡುವೆ ಶೆಲ್ ಇರುವುದಿಲ್ಲ, ಖಾಲಿ ಜಾಗಕ್ಕೂ ಅರ್ಧವಿರಾಮಕ್ಕೂ ವಿಶೇಷ ಅರ್ಥ ಇರುವುದಿಲ್ಲ. ಜಾವಾದವರಿಗೆ ಒಂದು ಎಚ್ಚರಿಕೆ. ರನ್‌ಟೈಮ್ ಎಕ್ಸೆಕ್‌ಗೆ ಒಂದೇ ಸ್ಟ್ರಿಂಗ್ ಕೊಟ್ಟರೆ ಅದು ಶೆಲ್ ಕರೆಯುವುದಿಲ್ಲ ನಿಜ, ಆದರೆ ಉದ್ಧರಣ ಚಿಹ್ನೆಯನ್ನೂ ಲೆಕ್ಕಿಸದೆ ಖಾಲಿ ಜಾಗ ಸಿಕ್ಕಲ್ಲೆಲ್ಲ ಕತ್ತರಿಸುತ್ತದೆ. ಪ್ರೊಸೆಸ್‌ಬಿಲ್ಡರ್ ಬಳಸಿ.

ಪಟ್ಟಿಯಾಗಿ ಕೊಟ್ಟ ಮೇಲೂ ಒಂದು ಬಿರುಕು ಉಳಿಯುತ್ತದೆ. ಫೈಲಿನ ಹೆಸರು ಅಡ್ಡಗೆರೆಯಿಂದ ಶುರುವಾದರೆ ಟೂಲ್ ಅದನ್ನು ಆಯ್ಕೆ ಎಂದು ಓದುತ್ತದೆ. ಹೆಚ್ಚಿನ ಟೂಲುಗಳು ಎರಡು ಅಡ್ಡಗೆರೆ, ಅಂದರೆ ‘--’, ಬಂದ ಮೇಲೆ ಉಳಿದದ್ದೆಲ್ಲ ಹೆಸರುಗಳೇ ಎಂದು ಒಪ್ಪುತ್ತವೆ. ಒಪ್ಪದ ಟೂಲಿಗೆ ಹೆಸರಿನ ಮುಂದೆ ‘./’ ಸೇರಿಸಿ, ಇಲ್ಲವೇ ಪೂರ್ಣ ದಾರಿಯನ್ನೇ ಕೊಡಿ. ಪೂರ್ಣ ದಾರಿ ಕೊಡುವ ಅಭ್ಯಾಸ ಬೇರೆ ಕಡೆಯೂ ಕೆಲಸಕ್ಕೆ ಬರುತ್ತದೆ. ನಿಮ್ಮ ಟರ್ಮಿನಲ್‌ನಲ್ಲಿ ಓಡಿದ್ದು ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ವ್ಯವಸ್ಥೆ) ಓಡುವುದಿಲ್ಲ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು, ಟೂಲುಗಳನ್ನು ಯಾವ ಫೋಲ್ಡರುಗಳಲ್ಲಿ ಹುಡುಕಬೇಕೆಂದು ಹೇಳುವ ಪಾತ್ ವೇರಿಯಬಲ್: ಕ್ರಾನ್‌ನಲ್ಲಿ ಅದು ಸಾಮಾನ್ಯವಾಗಿ ಎರಡೇ ಫೋಲ್ಡರುಗಳ ಪುಟ್ಟ ಪಟ್ಟಿ.

ಗುಪ್ತಪದಗಳನ್ನು ಆರ್ಗ್ಯುಮೆಂಟಿನಲ್ಲಿ ಕೊಡಲೇಬೇಡಿ. ಅದೇ ಯಂತ್ರದಲ್ಲಿರುವ ಇತರ ಬಳಕೆದಾರರು ಪಿಎಸ್ ಕಮಾಂಡ್ ಹೊಡೆದರೆ, ಬೇರೆ ತಡೆ ಹಾಕಿರದಿದ್ದರೆ, ಎಲ್ಲ ಪ್ರೊಸೆಸ್‌ಗಳ ಆರ್ಗ್ಯುಮೆಂಟುಗಳೂ ಕಾಣುತ್ತವೆ. ಸ್ಟ್ಯಾಂಡರ್ಡ್ ಇನ್‌ಪುಟ್ (ಟೂಲ್ ತನ್ನ ಒಳಹರಿವನ್ನು ಓದುವ ದಾರಿ) ಮೂಲಕವೋ, ಅನುಮತಿ ಬಿಗಿ ಮಾಡಿದ ಫೈಲಿನ ಮೂಲಕವೋ ಕೊಡಿ.

ಟೂಲ್ ಓಡುವ ಮೊದಲೇ ಸೋಲುವುದೂ ಉಂಟು. ಇದನ್ನು ಓಡಿ ಸೋತದ್ದರಿಂದ ಬೇರೆಯಾಗಿ ಹಿಡಿಯಬೇಕು. 'ಅಂಥ ಫೈಲ್ ಇಲ್ಲ' ಎಂಬ ಎರರ್ ಬಂದಾಗ ಎಲ್ಲರೂ ಟೂಲಿನ ಹೆಸರನ್ನೇ ಮತ್ತೆ ಮತ್ತೆ ನೋಡುತ್ತಾರೆ. ನೀವು ಕೊಟ್ಟ ಕೆಲಸದ ಫೋಲ್ಡರ್ ಇಲ್ಲದಿದ್ದರೂ ಇದೇ ಎರರ್ ಬರಬಹುದು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಹೆಸರಿಸಿದ ಇಂಟರ್‌ಪ್ರಿಟರ್ ಇಲ್ಲದಿದ್ದರೂ ಇದೇ. ವಿಂಡೋಸ್ ಎಡಿಟರ್‌ನಲ್ಲಿ ಉಳಿಸಿದ ಸ್ಕ್ರಿಪ್ಟಿನ ಸಾಲುಗಳ ಕೊನೆಗೆ ಕಣ್ಣಿಗೆ ಕಾಣದ ಒಂದು ಬೈಟ್ ಹೆಚ್ಚಿಗೆ ಇರುತ್ತದೆ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಅದನ್ನೂ ಸೇರಿಸಿಕೊಂಡು ಇಂಟರ್‌ಪ್ರಿಟರ್ ಹುಡುಕುತ್ತದೆ, ಸಿಗುವುದಿಲ್ಲ. ಫೈಲ್ ಕಣ್ಣೆದುರಿಗೇ ಇದ್ದರೂ ಇಲ್ಲ ಎನ್ನುವುದು ಈ ಕಾರಣಕ್ಕೆ.

ಸೊನ್ನೆಯ ಅರ್ಥ

ಪ್ರತಿ ಪ್ರೊಸೆಸ್ಸೂ ಮುಗಿಯುವಾಗ ಎಕ್ಸಿಟ್ ಕೋಡ್ ಬಿಟ್ಟುಹೋಗುತ್ತದೆ. ಯುನಿಕ್ಸ್ ಬಳಗದಲ್ಲಿ ತಾಯಿ ಪ್ರೊಸೆಸ್‌ಗೆ ಸಿಗುವುದು ಅದರ 8 ಬಿಟ್, ಅಂದರೆ 0ಯಿಂದ 255ರವರೆಗಿನ ಸಂಖ್ಯೆ. ಸೊನ್ನೆ ಎಂದರೆ ಗೆಲುವು. ಎಂಟೇ ಬಿಟ್ ಇರುವುದರಿಂದ ಒಂದು ಅಪಾಯವಿದೆ: ಯಾರಾದರೂ ತಪ್ಪುಗಳ ಸಂಖ್ಯೆಯನ್ನೇ ಎಕ್ಸಿಟ್ ಕೋಡ್ ಆಗಿ ಕೊಡುವಂತೆ ಟೂಲ್ ಬರೆದಿದ್ದರೆ, ತಪ್ಪು ಸರಿಯಾಗಿ 256 ಆದ ದಿನ ಅದು ಸೊನ್ನೆಯಾಗಿ ತಲುಪುತ್ತದೆ.

ಸೊನ್ನೆಯಲ್ಲದ್ದೆಲ್ಲ ಸೋಲು ಎಂಬ ನಿಯಮವನ್ನು ಕಣ್ಣುಮುಚ್ಚಿ ಹಿಡಿಯಬೇಡಿ. ಗ್ರೆಪ್ ನೋಡಿ. ಹುಡುಕಿದ್ದು ಸಿಕ್ಕರೆ 0, ಸಿಗದಿದ್ದರೆ 1, ನಿಜವಾದ ತೊಂದರೆಯಾದರೆ 2. ಡಿಫ್ ಕೂಡ ಹಾಗೆಯೇ: ಎರಡು ಫೈಲುಗಳು ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1, ಓದಲಾಗದಿದ್ದರೆ 2. ಪೈಥಾನ್‌ನಲ್ಲಿ ಚೆಕ್ ಟ್ರೂ ಎಂದು ಬರೆದು ಗ್ರೆಪ್ ಓಡಿಸಿದರೆ, 'ಸಿಗಲಿಲ್ಲ' ಎಂಬ ಸಹಜ ಉತ್ತರಕ್ಕೂ ಎಕ್ಸೆಪ್ಶನ್ ಏಳುತ್ತದೆ. ಆರ್‌ಸಿಂಕ್‌ನ 24 ಎಂದರೆ ನಕಲು ನಡೆಯುತ್ತಿರುವಾಗ ಕೆಲವು ಮೂಲ ಫೈಲುಗಳು ಮಾಯವಾದವು ಎಂದು. ಸದಾ ಬದಲಾಗುವ ಫೋಲ್ಡರಿನ ಬ್ಯಾಕಪ್‌ನಲ್ಲಿ ಅದನ್ನು ದಾಖಲಿಸಿ ಮುಂದೆ ಹೋಗಬಹುದು. ಅದರ ಪಕ್ಕದ 23, ಕೆಲವು ಫೈಲು ತಪ್ಪಿನಿಂದಾಗಿ ಹೋಗಲೇ ಇಲ್ಲ ಎನ್ನುತ್ತದೆ. ಅದನ್ನು ಹಾಗೆ ಬಿಡುವಂತಿಲ್ಲ. ವಿಂಡೋಸ್‌ನ ರೋಬೊಕಾಪಿಯಂತೂ ಫೈಲುಗಳನ್ನು ಚೆನ್ನಾಗಿ ನಕಲು ಮಾಡಿದ್ದಕ್ಕೇ 1 ಕೊಡುತ್ತದೆ. ಅಲ್ಲಿ 8 ಮತ್ತು ಅದರ ಮೇಲಿನದ್ದು ಸೋಲು.

ಇದಕ್ಕೆ ತಿರುಗಾಮುರುಗಾ ಕೂಡ ಉಂಟು. ಕರ್ಲ್‌ನಿಂದ ಒಂದು ಪುಟ ತರಿಸುತ್ತೀರಿ, ಸರ್ವರ್ 404 ಎನ್ನುತ್ತದೆ. ಕರ್ಲ್ ದೃಷ್ಟಿಯಲ್ಲಿ ಸಂಪರ್ಕವಾಯಿತು, ಉತ್ತರ ಬಂತು, ಕೆಲಸ ಮುಗಿಯಿತು, ಹಾಗಾಗಿ 0. ನಿಮ್ಮ ಕೈಯಲ್ಲಿರುವುದು ಮಾತ್ರ 'ಪುಟ ಸಿಗಲಿಲ್ಲ' ಎಂಬ ಪುಟ. --ಫೇಲ್ ಎಂಬ ಆಯ್ಕೆ ಕೊಟ್ಟರೆ ಆಗ 22 ಬರುತ್ತದೆ. ಹಾಗಾಗಿ ಯಾವ ಟೂಲನ್ನು ಕೋಡಿನಿಂದ ಓಡಿಸುವಿರೋ ಅದರ ಮ್ಯಾನ್ಯುಯಲ್‌ನಲ್ಲಿ ಎಕ್ಸಿಟ್ ಸ್ಟೇಟಸ್ ಎಂಬ ಭಾಗವನ್ನು ಮೊದಲು ಓದಿ, ಆ ಟೂಲಿಗೆ ಯಾವ ಸಂಖ್ಯೆ ಗೆಲುವು, ಯಾವುದು ಎಚ್ಚರಿಕೆ, ಯಾವುದು ಸೋಲು ಎಂದು ಕೋಡಿನಲ್ಲೇ ಬರೆದಿಡಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಹತ್ತು ಟೂಲುಗಳಿಗೂ ಒಂದೇ ನಿಯಮ ಹಚ್ಚಿದರೆ ಎಲ್ಲೋ ಒಂದು ಕಡೆ ಸುಳ್ಳಾಗುತ್ತದೆ.

ಶೆಲ್ ತನ್ನದೇ ಕೆಲವು ಸಂಖ್ಯೆಗಳನ್ನು ಸೇರಿಸುತ್ತದೆ. ಕಮಾಂಡ್ ಸಿಗಲಿಲ್ಲವೆಂದರೆ 127, ಸಿಕ್ಕರೂ ಓಡಿಸಲಾಗಲಿಲ್ಲವೆಂದರೆ 126. ಸಿಗ್ನಲ್‌ನಿಂದ, ಅಂದರೆ ಆಪರೇಟಿಂಗ್ ಸಿಸ್ಟಂ ಪ್ರೊಸೆಸ್ಸಿಗೆ ತಲುಪಿಸುವ ಸೂಚನೆಯಿಂದ, ಸತ್ತರೆ 128ಕ್ಕೆ ಸಿಗ್ನಲ್ ಸಂಖ್ಯೆ ಕೂಡಿಸಿ ಹೇಳುತ್ತದೆ. ಹಾಗಾಗಿ 137 ಕಂಡರೆ 128 ಕಳೆದು ನೋಡಿ: 9, ಅಂದರೆ ತಡೆಯಲಾಗದಂತೆ ಕೊಲ್ಲುವ ಸಿಗ್‌ಕಿಲ್. ನೀವು ಕೊಂದಿಲ್ಲವಾದರೆ ಮೆಮೊರಿ ಮುಗಿದು ಕರ್ನಲ್ಲೇ ಕೊಂದಿರುವ ಸಾಧ್ಯತೆ ಹೆಚ್ಚು. ಕರ್ನಲ್ ಲಾಗ್ ತೆರೆದು ನೋಡಿ. 139 ಎಂದರೆ ಸೆಗ್‌ಮೆಂಟೇಶನ್ ಫಾಲ್ಟ್, 143 ಎಂದರೆ ಯಾರೋ ಮರ್ಯಾದೆಯಿಂದ ನಿಲ್ಲಲು ಹೇಳಿದ್ದು (ಸಿಗ್‌ಟರ್ಮ್). ಇದೇ ಸಂಗತಿಯನ್ನು ಒಂದೊಂದು ಭಾಷೆ ಒಂದೊಂದು ರೀತಿ ಹೇಳುತ್ತದೆ: ಪೈಥಾನ್ -9 ಎನ್ನುತ್ತದೆ, ನೋಡ್ ಕೋಡ್ ಜಾಗದಲ್ಲಿ ನಲ್ ಇಟ್ಟು ಸಿಗ್ನಲ್ ಹೆಸರನ್ನು ಬೇರೆಯಾಗಿ ಕೊಡುತ್ತದೆ, ಗೋ -1 ಕೊಡುತ್ತದೆ. ಕೋಡ್ ಸೊನ್ನೆಗಿಂತ ಹೆಚ್ಚೇ ಎಂದಷ್ಟೇ ಪರೀಕ್ಷಿಸುವ ಪೈಥಾನ್ ಪ್ರೋಗ್ರಾಮ್, ಕೊಲೆಯಾದ ಪ್ರೊಸೆಸ್ಸನ್ನು ಗೆದ್ದದ್ದೆಂದು ಎಣಿಸುತ್ತದೆ.

ಒಂದು ಕಮಾಂಡಿನ ಔಟ್‌ಪುಟ್ಟನ್ನು ಮುಂದಿನದಕ್ಕೆ ಹರಿಸುವ ಪೈಪ್‌ಲೈನ್‌ಗಳಲ್ಲಿ ಈ ಸಂಖ್ಯೆ ಕಳೆದೇ ಹೋಗುತ್ತದೆ. ಡೇಟಾಬೇಸ್ ಡಂಪ್ ತೆಗೆದು ಜಿಜಿಪ್‌ಗೆ ಕೊಟ್ಟು ಬ್ಯಾಕಪ್ ಬರೆಯುವ ಸಾಲನ್ನು ನೀವೆಲ್ಲ ನೋಡಿರುತ್ತೀರಿ. ಶೆಲ್ ಹೇಳುವುದು ಪೈಪ್‌ಲೈನ್‌ನ ಕೊನೆಯ ಕಮಾಂಡಿನ ಎಕ್ಸಿಟ್ ಕೋಡ್. ಗುಪ್ತಪದ ಬದಲಾಗಿ ಡಂಪ್ ಸೋತರೂ, ಜಿಜಿಪ್ ಏನೂ ಬಾರದ ಇನ್‌ಪುಟ್ಟನ್ನು ಅಚ್ಚುಕಟ್ಟಾಗಿ ಕುಗ್ಗಿಸಿ 0 ಕೊಡುತ್ತದೆ. ಡಿಸ್ಕಿನಲ್ಲಿ 20 ಬೈಟಿನ ಒಂದು ಫೈಲ್ ಕುಳಿತಿರುತ್ತದೆ. ಖಾಲಿ ಇನ್‌ಪುಟ್ ಕುಗ್ಗಿಸಿದ ಜಿಜಿಪ್ ಫೈಲಿನ ಅಳತೆ ಅಷ್ಟೇ. ಬ್ಯಾಕಪ್ ಬೇಕಾದ ದಿನದವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಬ್ಯಾಶ್‌ನಲ್ಲಿ ಪೈಪ್‌ಫೇಲ್ ಆನ್ ಮಾಡಿದರೆ ನಡುವಿನ ಸೋಲೂ ತಲುಪುತ್ತದೆ. ಇನ್ನೂ ಒಳ್ಳೆಯದು, ಎರಡೂ ಪ್ರೊಸೆಸ್‌ಗಳನ್ನು ನಿಮ್ಮ ಪ್ರೋಗ್ರಾಮಿನಿಂದಲೇ ಹುಟ್ಟಿಸಿ, ಪೈಪ್ ಜೋಡಿಸಿ, ಇಬ್ಬರ ಕೋಡನ್ನೂ ಬೇರೆ ಬೇರೆ ನೋಡುವುದು. ಒಂದು ಮಾತು ನೆನಪಿರಲಿ: ಮುಂದಿನ ಕಮಾಂಡ್ ಬೇಕಾದಷ್ಟು ಓದಿ ಮುಚ್ಚಿಕೊಂಡರೆ ಹಿಂದಿನದು ಸಿಗ್‌ಪೈಪ್‌ನಿಂದ ಸತ್ತು 141 ತೋರಿಸುತ್ತದೆ. ಹೆಡ್ ಕಮಾಂಡಿನ ಜೊತೆ ಅದು ಸಹಜ, ತಪ್ಪೆಂದು ಹಿಡಿಯಬೇಡಿ.

64 ಕೆಬಿಯ ತೊಟ್ಟಿ

ಈಗ ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವ ಜಾಗಕ್ಕೆ ಬಂದೆವು. ಟೂಲಿನ ಸ್ಟ್ಯಾಂಡರ್ಡ್ ಔಟ್‌ಪುಟ್ (ಫಲಿತಾಂಶ ಬರುವ ದಾರಿ) ಮತ್ತು ಸ್ಟ್ಯಾಂಡರ್ಡ್ ಎರರ್ (ಸಂದೇಶ, ಎಚ್ಚರಿಕೆ ಬರುವ ದಾರಿ) ಎರಡನ್ನೂ ಪೈಪ್ ಮೂಲಕ ನಿಮ್ಮ ಪ್ರೋಗ್ರಾಮಿಗೆ ತಿರುಗಿಸಿದ್ದೀರಿ. ಪೈಪ್ ಎಂದರೆ ಕರ್ನಲ್ ಒಳಗಿನ ಒಂದು ಪುಟ್ಟ ತೊಟ್ಟಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಅದರ ಅಳತೆ 65,536 ಬೈಟ್. ಒಂದು ಕಡೆಯಿಂದ ಟೂಲ್ ತುಂಬುತ್ತದೆ, ಇನ್ನೊಂದು ಕಡೆಯಿಂದ ನೀವು ಖಾಲಿ ಮಾಡುತ್ತೀರಿ. ತೊಟ್ಟಿ ತುಂಬಿದರೆ ಟೂಲ್ ಬರೆಯುವ ಜಾಗದಲ್ಲೇ ನಿಂತು, ಖಾಲಿಯಾಗಲಿ ಎಂದು ಕಾಯುತ್ತದೆ.

ನಿಮ್ಮ ಕೋಡ್ ಹೀಗಿದೆ ಎಂದುಕೊಳ್ಳಿ: ಮೊದಲು ಔಟ್‌ಪುಟ್ಟನ್ನು ಕೊನೆಯವರೆಗೆ ಓದು, ಆಮೇಲೆ ಎರರ್ ಓದು, ಆಮೇಲೆ ವೇಟ್ ಕರೆ. ಟೂಲ್ ಎರರ್ ದಾರಿಗೆ ಎಚ್ಚರಿಕೆಗಳನ್ನು ಬರೆಯುತ್ತಾ ಹೋಗುತ್ತದೆ. 65,536 ಬೈಟ್ ತುಂಬಿತು. ಮುಂದಿನ ಬೈಟಿಗೆ ಟೂಲ್ ನಿಂತಿತು. ನೀವು ಔಟ್‌ಪುಟ್ ಮುಗಿಯಲಿ ಎಂದು ಕಾಯುತ್ತಿದ್ದೀರಿ. ಎರರ್ ತೊಟ್ಟಿ ಖಾಲಿಯಾಗದೆ ಟೂಲ್ ಔಟ್‌ಪುಟ್ ಮುಗಿಸುವಂತಿಲ್ಲ. ಟೂಲ್ ನಿಮಗಾಗಿ, ನೀವು ಟೂಲಿಗಾಗಿ, ಕಾಯುವುದಕ್ಕೆ ಕೊನೆಯೇ ಇಲ್ಲ. ಸಿಪಿಯು ಬಳಕೆ ಸೊನ್ನೆ, ಲಾಗಿನಲ್ಲಿ ಏನೂ ಇಲ್ಲ. ಪರೀಕ್ಷೆಯಲ್ಲಿ ಇದು ಕಾಣಿಸುವುದೇ ಇಲ್ಲ, ಏಕೆಂದರೆ ಪರೀಕ್ಷೆಯ ಪುಟ್ಟ ಫೈಲಿಗೆ ನಾಲ್ಕು ಸಾಲು ಎಚ್ಚರಿಕೆ ಬರುತ್ತದೆ. ನಿಜವಾದ ದೊಡ್ಡ ಫೈಲಿಗೆ ಸಾವಿರಾರು ಸಾಲು ಬರುತ್ತದೆ.

ಬಿಡುಗಡೆಯ ದಾರಿ ಎರಡನ್ನೂ ಒಟ್ಟಿಗೇ ಓದುವುದು. ಪೈಥಾನ್‌ನ ರನ್ ಮತ್ತು ಕಮ್ಯುನಿಕೇಟ್ ಇದನ್ನು ನಿಮ್ಮ ಪರವಾಗಿ ಮಾಡುತ್ತವೆ. ಪೊಪೆನ್ ಹಿಡಿದು ಕೈಯಾರೆ ಓದುವವರು ಮಾತ್ರ ಸಿಕ್ಕಿಬೀಳುತ್ತಾರೆ. ಜಾವಾದಲ್ಲಿ ಒಂದೊಂದಕ್ಕೂ ಒಂದು ಥ್ರೆಡ್ ಇಡಿ. ಎರಡನ್ನೂ ಬೇರ್ಪಡಿಸಿ ನೋಡುವ ಅಗತ್ಯವಿಲ್ಲದಿದ್ದರೆ ಎರರನ್ನು ಔಟ್‌ಪುಟ್‌ಗೇ ಸೇರಿಸಿಬಿಡಿ. ಎರರ್ ದಾರಿಯನ್ನು ನೇರವಾಗಿ ಒಂದು ಫೈಲಿಗೆ ತಿರುಗಿಸುವುದು ನಮಗೆ ಹೆಚ್ಚು ಇಷ್ಟ: ತೊಟ್ಟಿ ತುಂಬುವ ಪ್ರಶ್ನೆಯೇ ಇಲ್ಲ, ಮೆಮೊರಿಯೂ ಉಬ್ಬುವುದಿಲ್ಲ, ಮುಂದೆ ತನಿಖೆಗೆ ಪೂರ್ತಿ ಪಠ್ಯ ಉಳಿದಿರುತ್ತದೆ. ಮೆಮೊರಿಯ ಮಾತು ಬಂದದ್ದರಿಂದ ಹೇಳುತ್ತೇವೆ, ನೋಡ್‌ನ ಎಕ್ಸೆಕ್ ಫಂಕ್ಷನ್‌ಗೆ ಮ್ಯಾಕ್ಸ್‌ಬಫರ್ ಎಂಬ ಮಿತಿ ಇದೆ, ಈಗ 1 ಎಂಬಿ. ದಾಟಿದರೆ ಟೂಲನ್ನೇ ಕೊಲ್ಲುತ್ತದೆ. ದೊಡ್ಡ ಔಟ್‌ಪುಟ್ ಬರುವ ಕಡೆ ಸ್ಪಾನ್ ಬಳಸಿ. ಬಳಸುವಾಗ ಎಕ್ಸಿಟ್ ಈವೆಂಟ್ ನಂಬದೆ ಕ್ಲೋಸ್ ಈವೆಂಟ್‌ಗೆ ಕಾಯಿರಿ. ಪ್ರೊಸೆಸ್ ಮುಗಿದಿದ್ದರೂ ಪೈಪಿನಲ್ಲಿ ಇನ್ನೂ ಬೈಟುಗಳು ಉಳಿದಿರಬಹುದು. ಕೊನೆಯ ಕೆಲವು ಸಾಲು ಆಗಾಗ ಮಾಯವಾಗುತ್ತವೆ ಎಂಬ ದೂರು ಬಂದರೆ ಮೊದಲು ಇದನ್ನೇ ನೋಡಿ.

ಸ್ಟ್ಯಾಂಡರ್ಡ್ ಎರರ್‌ನಲ್ಲಿ ಏನಾದರೂ ಬಂತೆಂದರೆ ತಪ್ಪಾಯಿತು ಎಂದು ತಿಳಿಯುವ ಕೋಡೂ ಬೇಕಾದಷ್ಟಿದೆ. ಎಫ್‌ಎಫ್‌ಎಂಪೆಗ್ ತನ್ನ ಇಡೀ ಲಾಗನ್ನು ಅಲ್ಲಿಗೇ ಬರೆಯುತ್ತದೆ. ಗಿಟ್ ಮತ್ತು ಕರ್ಲ್ ಪ್ರಗತಿಯನ್ನು ಅಲ್ಲಿ ತೋರಿಸುತ್ತವೆ. ಔಟ್‌ಪುಟ್ ದಾರಿ ಶುದ್ಧ ಡೇಟಾಗೆ ಮೀಸಲಿರಲಿ ಎಂಬುದು ಅವುಗಳ ಉದ್ದೇಶ. ತೀರ್ಪು ಎಕ್ಸಿಟ್ ಕೋಡಿನದು, ವಿವರಣೆ ಎರರ್ ಪಠ್ಯದ್ದು.

ಮೂರನೆಯ ದಾರಿ, ಸ್ಟ್ಯಾಂಡರ್ಡ್ ಇನ್‌ಪುಟ್, ಯಾರ ಗಮನಕ್ಕೂ ಬರುವುದಿಲ್ಲ. ನೀವೇನೂ ಹೇಳದಿದ್ದರೆ ಮಗು ಪ್ರೊಸೆಸ್ ಹಲವು ಲೈಬ್ರರಿಗಳಲ್ಲಿ ನಿಮ್ಮ ಇನ್‌ಪುಟ್ಟನ್ನೇ ಹಂಚಿಕೊಳ್ಳುತ್ತದೆ. ಔಟ್‌ಪುಟ್ ಫೈಲ್ ಮೊದಲೇ ಇದ್ದರೆ ಎಫ್‌ಎಫ್‌ಎಂಪೆಗ್ 'ಅಳಿಸಿ ಬರೆಯಲೇ' ಎಂದು ಕೇಳಿ ಕಾಯುತ್ತಾ ಕೂರುತ್ತದೆ. ಹೌದು ಅಥವಾ ಬೇಡ ಎಂಬ ಆಯ್ಕೆಯನ್ನು ಮೊದಲೇ ಕೊಡಿ, ಜೊತೆಗೆ -ನೋಸ್ಟ್‌ಡಿನ್ ಹಾಕಿ. ಫೈಲಿನಿಂದ ಸಾಲು ಸಾಲಾಗಿ ಓದುವ ಶೆಲ್ ಲೂಪಿನ ಒಳಗೆ, ದೂರದ ಯಂತ್ರದಲ್ಲಿ ಕಮಾಂಡ್ ಓಡಿಸುವ ಎಸ್‌ಎಸ್‌ಎಚ್ ಇಟ್ಟರೆ ಅದು ಉಳಿದ ಸಾಲುಗಳನ್ನೆಲ್ಲ ತಾನೇ ನುಂಗಿ, ಲೂಪ್ ಒಂದೇ ಸುತ್ತಿಗೆ ಮುಗಿಯುತ್ತದೆ. ಇನ್‌ಪುಟ್ ಬೇಡದ ಟೂಲಿಗೆ ಡೆವ್‌ನಲ್ (ಓದಿದರೆ ಏನೂ ಸಿಗದ ಖಾಲಿ ಸಾಧನ) ಜೋಡಿಸುವುದು ರೂಢಿಯಾಗಲಿ. ಗುಪ್ತಪದ ಕೇಳುವ ಎಸ್‌ಎಸ್‌ಎಚ್, ಸುಡೊ ಮುಂತಾದವು ಇನ್‌ಪುಟ್ಟನ್ನು ಬಿಟ್ಟು ಟರ್ಮಿನಲ್ಲನ್ನೇ ನೇರವಾಗಿ ತೆರೆದು ಕೇಳುತ್ತವೆ, ಅವಕ್ಕೆ ಡೆವ್‌ನಲ್ ಸಾಲದು: ಎಸ್‌ಎಸ್‌ಎಚ್‌ಗೆ ಬ್ಯಾಚ್‌ಮೋಡ್ ಯೆಸ್, ಸುಡೊಗೆ -ಎನ್ ಕೊಟ್ಟರೆ ಕೇಳುವ ಬದಲು ತಕ್ಷಣ ಸೋಲುತ್ತವೆ. ತಕ್ಷಣದ ಸೋಲು ಬೆಳಗಿನವರೆಗಿನ ಮೌನಕ್ಕಿಂತ ಎಷ್ಟೋ ಮೇಲು.

ಅರ್ಧ ಅಕ್ಷರ

ಪ್ರಗತಿಯನ್ನು ಓಡುತ್ತಿರುವಾಗಲೇ ತೋರಿಸಬೇಕೆಂದು ಔಟ್‌ಪುಟ್ಟನ್ನು ತುಂಡು ತುಂಡಾಗಿ ಓದುವವರಿಗೆ ಎರಡು ಆಶ್ಚರ್ಯ ಕಾದಿರುತ್ತವೆ. ಮೊದಲನೆಯದು, ಏನೂ ಬರುವುದೇ ಇಲ್ಲ. ಕೊನೆಗೆ ಎಲ್ಲ ಒಟ್ಟಿಗೆ ಸುರಿಯುತ್ತದೆ. ಸಿ ಲೈಬ್ರರಿ ತನ್ನ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಸಾಲಿಗೊಮ್ಮೆ ಕಳಿಸುತ್ತದೆ, ಪೈಪಿಗೆ ಹೋಗುತ್ತಿದ್ದರೆ ಕೆಲವು ಕೆಬಿ ಕೂಡಿಟ್ಟು ಕಳಿಸುತ್ತದೆ. ಗ್ರೆಪ್‌ನ --ಲೈನ್-ಬಫರ್ಡ್, ಪೈಥಾನ್‌ನ -ಯು, ಸಿ ಲೈಬ್ರರಿಯನ್ನೇ ನೆಚ್ಚಿದ ಟೂಲುಗಳಿಗೆ ಎಸ್‌ಟಿಡಿಬಫ್, ಹೀಗೆ ಬದಲಿಸಬೇಕಾದ್ದು ಬರೆಯುವವರ ಕಡೆ. ನಿಮ್ಮ ಕಡೆಯ ಬಫರ್ ಎಷ್ಟು ಚಿಕ್ಕದು ಮಾಡಿದರೂ ಪ್ರಯೋಜನವಿಲ್ಲ.

ಎರಡನೆಯದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಬೇಗ ಎದುರಾಗುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. 'ಕನ್ನಡ' ಎಂಬ ಪದವನ್ನು ಬಿಡಿಸಿದರೆ ಕ, ನ, ಹಲಂತ, ನ, ಡ, ಒಟ್ಟು 5 ಸಂಕೇತ, 15 ಬೈಟ್. ನೀವು 4,096 ಬೈಟ್ ತುಂಡುಗಳಲ್ಲಿ ಓದುತ್ತಿದ್ದೀರಿ. 1,365 ಸಂಕೇತಗಳಿಗೆ 4,095 ಬೈಟ್ ಮುಗಿಯಿತು. ಉಳಿದ ಒಂದು ಬೈಟ್ ಮುಂದಿನ ಸಂಕೇತದ ಮೂರನೇ ಒಂದು ಭಾಗ. ಆ ತುಂಡನ್ನು ಅಲ್ಲೇ ಪಠ್ಯಕ್ಕೆ ತಿರುಗಿಸಿದರೆ ಎರರ್ ಬರುತ್ತದೆ, ಇಲ್ಲವೇ ಅಕ್ಷರದ ಜಾಗದಲ್ಲಿ ಪ್ರಶ್ನೆಚಿಹ್ನೆಯ ಕರಿ ವಜ್ರ ಕೂರುತ್ತದೆ. ಎಲ್ಲ ಇಂಗ್ಲಿಷ್ ಅಕ್ಷರಗಳೇ ಆದ ಪರೀಕ್ಷೆಯಲ್ಲಿ ಇದು ಎಂದೂ ಸಿಗದು. ಬೈಟುಗಳನ್ನು ಪೂರ್ತಿ ಸೇರಿಸಿಕೊಂಡ ಮೇಲೆ ತಿರುಗಿಸಿ, ಅಥವಾ ಉಳಿದ ಬೈಟನ್ನು ಮುಂದಿನ ತುಂಡಿಗೆ ಕಾದಿಡುವ ಇನ್‌ಕ್ರಿಮೆಂಟಲ್ ಡಿಕೋಡರ್ ಬಳಸಿ.

ಕನ್ನಡ ಫೈಲ್ ಹೆಸರುಗಳ ಇನ್ನೊಂದು ಪೇಚು ಗಿಟ್‌ನಲ್ಲಿದೆ. ಅದು ಬದಲಾದ ಫೈಲುಗಳನ್ನು ಪಟ್ಟಿ ಮಾಡುವಾಗ ಆಸ್ಕಿ ಅಲ್ಲದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಆಕ್ಟಲ್ ಸಂಖ್ಯೆಗಳಾಗಿ ಬರೆಯುತ್ತದೆ: 'ಕ' ಎಂಬುದು \340\262\225 ಆಗುತ್ತದೆ. ಅದನ್ನೇ ಹೆಸರೆಂದು ತಿಳಿದು ಫೈಲ್ ತೆರೆಯಲು ಹೋದರೆ ಸಿಗುವುದಿಲ್ಲ. -ಝಡ್ ಆಯ್ಕೆ ಕೊಟ್ಟರೆ ಹೆಸರುಗಳು ಇದ್ದಂತೆಯೇ ಬರುತ್ತವೆ, ನಡುವೆ ಸೊನ್ನೆ ಬೈಟ್ ಬೇಲಿಯಾಗಿರುತ್ತದೆ. ಫೈಲಿನ ಹೆಸರಿನಲ್ಲಿ ಹೊಸ ಸಾಲಿನ ಚಿಹ್ನೆ ಕೂಡ ಬರಬಹುದು, ಸೊನ್ನೆ ಬೈಟ್ ಮಾತ್ರ ಬರುವಂತಿಲ್ಲ. ಅದಕ್ಕೇ ಅದು ನಂಬಬಹುದಾದ ಬೇಲಿ. ಫೈಂಡ್‌ಗೆ ಇದೇ ಕೆಲಸಕ್ಕೆ -ಪ್ರಿಂಟ್0 ಇದೆ.

ಪಠ್ಯವನ್ನು ಒಡೆದು ಅರ್ಥ ತೆಗೆಯುವ ಮೊದಲು ಟೂಲ್ ಜೆಸಾನ್ (ಪ್ರೋಗ್ರಾಮುಗಳು ಸುಲಭವಾಗಿ ಓದುವ ಡೇಟಾ ರೂಪ) ಕೊಡುತ್ತದೆಯೇ ನೋಡಿ. ಎಫ್‌ಎಫ್‌ಪ್ರೋಬ್, ಲಿನಕ್ಸ್‌ನ ಐಪಿ, ಎಲ್‌ಎಸ್‌ಬಿಎಲ್‌ಕೆ ಕೊಡುತ್ತವೆ. ಗಿಟ್ ಸ್ಟೇಟಸ್‌ಗೆ --ಪೋರ್ಸಲೈನ್ ಇದೆ. ಆವೃತ್ತಿ ಬದಲಾದರೂ ಆ ರೂಪ ಬದಲಿಸುವುದಿಲ್ಲ ಎಂದು ಗಿಟ್ ಮಾತು ಕೊಟ್ಟಿದೆ. ಅಂಥದ್ದೇನೂ ಇಲ್ಲದಿದ್ದರೆ ಎಲ್‌ಸಿ ಆಲ್ ವೇರಿಯಬಲ್‌ಗೆ ಸಿ ಎಂಬ ಬೆಲೆ ಕೊಟ್ಟು ಓಡಿಸಿ. ಇಲ್ಲದಿದ್ದರೆ ಯಂತ್ರದ ಭಾಷೆ ಬದಲಾದಂತೆ ಸಂದೇಶಗಳು ಬದಲಾಗುತ್ತವೆ, ದಶಮಾಂಶ ಬಿಂದುವಿನ ಜಾಗದಲ್ಲಿ ಅಲ್ಪವಿರಾಮ ಬರುತ್ತದೆ, ವಿಂಗಡಣೆಯ ಕ್ರಮವೂ ಬೇರೆಯಾಗುತ್ತದೆ.

ಎಷ್ಟು ಹೊತ್ತು ಕಾಯುವುದು

ಹೊರಗಿನ ಟೂಲಿಗೆ ಸಮಯದ ಮಿತಿ ಹಾಕದೆ ಓಡಿಸಬೇಡಿ. ಮಿತಿ ದಾಟಿದಾಗ ಮೊದಲು ಸಿಗ್‌ಟರ್ಮ್ ಕಳಿಸಿ, 5ರಿಂದ 10 ಸೆಕೆಂಡ್ ಕಾದು, ಆಮೇಲೂ ಉಳಿದಿದ್ದರೆ ಸಿಗ್‌ಕಿಲ್ ಕಳಿಸಿ, ಕೊನೆಗೆ ವೇಟ್ ಮಾಡಿ. ನೇರವಾಗಿ ಸಿಗ್‌ಕಿಲ್ ಕಳಿಸಿದರೆ ಟೂಲಿಗೆ ಗಂಟುಮೂಟೆ ಕಟ್ಟುವ ಅವಕಾಶ ಇರುವುದಿಲ್ಲ. ಎಂಪಿ4 ಫೈಲಿನ ಸೂಚಿಯನ್ನು ಎಫ್‌ಎಫ್‌ಎಂಪೆಗ್ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಸೂಚಿ ಬರೆಯುವ ಮೊದಲೇ ಕೊಂದರೆ ಗಂಟೆಗಟ್ಟಲೆ ಮಾಡಿದ ಫೈಲ್ ಯಾವ ಪ್ಲೇಯರ್‌ನಲ್ಲೂ ತೆರೆಯದು.

ಕೊಂದ ಮೇಲೂ ಪ್ರೋಗ್ರಾಮ್ ನೇತಾಡುತ್ತಿದ್ದರೆ ಮೊಮ್ಮಕ್ಕಳನ್ನು ನೋಡಿ. ನೀವು ಕೊಂದದ್ದು ನಡುವಿನ ಶೆಲ್ಲನ್ನು. ಶೆಲ್ ಹುಟ್ಟಿಸಿದ ನಿಜವಾದ ಟೂಲ್ ಬದುಕಿದೆ, ಪೈಪಿನ ಬರೆಯುವ ತುದಿ ಅದರ ಕೈಯಲ್ಲೂ ಇದೆ. ಬರೆಯುವ ತುದಿಗಳೆಲ್ಲ ಮುಚ್ಚುವವರೆಗೆ ಓದುವವರಿಗೆ ಮುಕ್ತಾಯದ ಸುದ್ದಿ ಬರುವುದಿಲ್ಲ. ಹಾಗಾಗಿ ಟೂಲನ್ನು ಹುಟ್ಟಿಸುವಾಗಲೇ ಹೊಸ ಸೆಷನ್ ಅಥವಾ ಹೊಸ ಪ್ರೊಸೆಸ್ ಗುಂಪಿನಲ್ಲಿಡಿ. ಪೈಥಾನ್‌ನಲ್ಲಿ ಅದಕ್ಕೆ ಸ್ಟಾರ್ಟ್ ನ್ಯೂ ಸೆಷನ್ ಎಂಬ ಆಯ್ಕೆಯಿದೆ. ಆಮೇಲೆ ಸಿಗ್ನಲ್ಲನ್ನು ಇಡೀ ಗುಂಪಿಗೆ ಕಳಿಸಿ. ಗೋ ಭಾಷೆ 2023ರಲ್ಲಿ ಬಂದ 1.20 ಆವೃತ್ತಿಯಲ್ಲಿ ವೇಟ್‌ಡಿಲೇ ಸೇರಿಸಿದ್ದು ಪೈಪಿಗಾಗಿ ಕೊನೆಯಿಲ್ಲದೆ ಕಾಯುವ ಇದೇ ತೊಂದರೆಗೆ. ಮೊಮ್ಮಕ್ಕಳನ್ನು ಅದು ಕೊಲ್ಲುವುದಿಲ್ಲ, ನಿಮ್ಮನ್ನು ಬಿಡಿಸುತ್ತದೆ. ವಿಂಡೋಸ್‌ನಲ್ಲಿ ಜಾಬ್ ಆಬ್ಜೆಕ್ಟ್ ಈ ಕೆಲಸ ಮಾಡುತ್ತದೆ.

ವಿಂಡೋಸ್ ಬಗ್ಗೆ ಇಷ್ಟು ಸಾಕು: ಅಲ್ಲಿ ಆರ್ಗ್ಯುಮೆಂಟುಗಳು ಪಟ್ಟಿಯಾಗಿ ದಾಟುವುದಿಲ್ಲ, ಒಂದೇ ಸ್ಟ್ರಿಂಗ್ ಆಗಿ ದಾಟುತ್ತವೆ; ಬಿಡಿಸಿಕೊಳ್ಳುವುದು ಆಯಾ ಟೂಲಿನ ಹೊಣೆ. ಬ್ಯಾಚ್ ಫೈಲುಗಳು ಸಿಎಂಡಿ ಮೂಲಕ ಓಡುವುದರಿಂದ ಅವುಗಳ ಬಿಡಿಸುವ ನಿಯಮವೇ ಬೇರೆ. ಪಟ್ಟಿಯಾಗಿ ಕೊಟ್ಟರೂ ಅಲ್ಲಿ ಕಮಾಂಡ್ ನುಸುಳಿಸಬಹುದೆಂದು 2024ರ ಏಪ್ರಿಲ್‌ನಲ್ಲಿ ಬಯಲಾಗಿ, ರಸ್ಟ್ ಭಾಷೆ 1.77.2 ಆವೃತ್ತಿಯಲ್ಲಿ ಸರಿಪಡಿಸಿಕೊಂಡಿತು. ಹೊರಗಿನಿಂದ ಬಂದ ಪಠ್ಯವನ್ನು ಬ್ಯಾಚ್ ಫೈಲಿಗೆ ಆರ್ಗ್ಯುಮೆಂಟಾಗಿ ಕೊಡದಿರುವುದೇ ಕ್ಷೇಮ.

ಟೂಲ್ ಫೈಲ್ ಮಾಡಿಕೊಡುವುದಾದರೆ ಅಂತಿಮ ಹೆಸರಿಗೆ ನೇರವಾಗಿ ಬರೆಸಬೇಡಿ. ಅದೇ ಫೋಲ್ಡರಿನಲ್ಲಿ ತಾತ್ಕಾಲಿಕ ಹೆಸರಿಗೆ ಬರೆಸಿ, ಎಕ್ಸಿಟ್ ಕೋಡ್ ನೋಡಿ, ಅಳತೆ ಸೊನ್ನೆಯಲ್ಲವೆಂದು ನೋಡಿ, ಸಾಧ್ಯವಿದ್ದರೆ ತೆರೆದೂ ನೋಡಿ, ಆಮೇಲೆ ಹೆಸರು ಬದಲಿಸಿ. ಒಂದೇ ಫೈಲ್‌ಸಿಸ್ಟಂ ಒಳಗೆ ಹೆಸರು ಬದಲಾವಣೆ ಒಂದೇ ಏಟಿಗೆ ಆಗುತ್ತದೆ. ಅರ್ಧ ಬರೆದ ಫೈಲ್ ಅಂತಿಮ ಹೆಸರಿನಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಜಿಜಿಪ್ ಉದಾಹರಣೆಯ 20 ಬೈಟಿನ ಬ್ಯಾಕಪ್ ಅಳತೆಯ ಪರೀಕ್ಷೆಯನ್ನು ದಾಟಿಬಿಡುತ್ತದೆ ಎಂಬುದನ್ನು ಗಮನಿಸಿ. ತೆರೆದು ನೋಡಬೇಕೆಂದದ್ದು ಅದಕ್ಕೇ.

ಪ್ರತಿ ಸಲ ಓಡಿಸಿದಾಗಲೂ ಲಾಗಿನಲ್ಲಿ ಇವಿಷ್ಟು ಇರಲಿ: ಗುಪ್ತ ಮಾಹಿತಿ ತೆಗೆದ ಆರ್ಗ್ಯುಮೆಂಟುಗಳ ಪಟ್ಟಿ, ಕೆಲಸದ ಫೋಲ್ಡರ್, ಹಿಡಿದ ಸಮಯ, ಎಕ್ಸಿಟ್ ಕೋಡ್ ಅಥವಾ ಸಿಗ್ನಲ್, ಎರರ್ ಪಠ್ಯದ ಕೊನೆಯ ಐವತ್ತು ಸಾಲು. ಮೊದಲ ಸಾಲುಗಳಲ್ಲಿ ಸಾಮಾನ್ಯವಾಗಿ ಆವೃತ್ತಿಯ ವಿವರ ಇರುತ್ತದೆ, ಕಾರಣ ಕೊನೆಯಲ್ಲಿರುತ್ತದೆ.

ಇದೆಲ್ಲ ಸರಿಯಾಗಿದೆಯೇ ಎಂದು ನೋಡಲು ನಿಜವಾದ ಟೂಲ್ ಸೋಲುವವರೆಗೆ ಕಾಯಬೇಕಿಲ್ಲ. ಹತ್ತು ಸಾಲಿನ ಒಂದು ನಕಲಿ ಟೂಲ್ ಬರೆದುಕೊಳ್ಳಿ. ಮೊದಲ ಆರ್ಗ್ಯುಮೆಂಟ್ ನೋಡಿ ಅದು ಒಂದೊಂದು ಸಲ ಒಂದೊಂದು ರೀತಿ ಕೆಡಬೇಕು: ಏನೂ ಮುದ್ರಿಸದೆ 3 ಕೊಟ್ಟು ಹೊರಡುವುದು, ಔಟ್‌ಪುಟ್ ಮುಚ್ಚದೆ ಎರರ್ ದಾರಿಗೆ 1,00,000 ಬೈಟ್ ಸುರಿಯುವುದು, ಇನ್‌ಪುಟ್‌ಗಾಗಿ ಕಾಯುವುದು, ಸಿಗ್‌ಟರ್ಮ್ ಕಿವಿಗೆ ಹಾಕಿಕೊಳ್ಳದೆ ಮಲಗುವುದು, ಒಂದು ಮಗುವನ್ನು ಹುಟ್ಟಿಸಿ, ಪೈಪನ್ನು ಅದರ ಕೈಗಿತ್ತು, ತಾನು ಸಾಯುವುದು, 'ಕ' ಅಕ್ಷರದ ಮೊದಲ ಎರಡು ಬೈಟ್ ಬರೆದು, ಒಂದು ಸೆಕೆಂಡ್ ತಡೆದು, ಮೂರನೆಯದನ್ನು ಬರೆಯುವುದು, ತನಗೆ ತಾನೇ ಸಿಗ್‌ಕಿಲ್ ಕಳಿಸಿಕೊಳ್ಳುವುದು. ನಿಮ್ಮ ಕೋಡಿನಲ್ಲಿ ಟೂಲಿನ ಪೂರ್ಣ ದಾರಿಯನ್ನು ಸೆಟ್ಟಿಂಗ್‌ನಿಂದ ಓದುವಂತೆ ಇಟ್ಟಿದ್ದರೆ, ಎಫ್‌ಎಫ್‌ಎಂಪೆಗ್ ಇರುವ ಜಾಗಕ್ಕೆ ಈ ನಕಲಿಯನ್ನು ಕೂರಿಸುವುದು ಒಂದು ಸಾಲಿನ ಬದಲಾವಣೆ. ಏಳೂ ಪರೀಕ್ಷೆಗಳನ್ನು ಒಂದರ ಹಿಂದೆ ಒಂದು ಓಡಿಸಿ. ಯಾವುದರಲ್ಲಿ ನಿಮ್ಮ ಪ್ರೋಗ್ರಾಮ್ ಸಮಯದ ಮಿತಿಯೊಳಗೆ ಹಿಂತಿರುಗಿ ನಿಜವಾದ ಕಾರಣ ಹೇಳುವುದಿಲ್ಲವೋ ಅಲ್ಲಿಂದ ತಿದ್ದಲು ಶುರು ಮಾಡಿ.